ಲೈವ್ ಸ್ಟ್ರೀಮ್ ಕೈಕೊಟ್ಟಾಗ: ದೋಷ ಯಾವ ಹಂತದಲ್ಲಿದೆ ಅಂತ ಹುಡುಕುವುದು ಹೇಗೆ

ನೇರಪ್ರಸಾರ ನಡೆಯುತ್ತಿರುವಾಗ ಬರುವ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ವಿಡಿಯೊ ಸ್ಟಕ್ ಆಗ್ತಿದೆ." "ಸೌಂಡ್ ಮೊದ್ಲು ಬರ್ತಿದೆ, ಬಾಯಿ ಆಮೇಲೆ ಆಡ್ತಿದೆ." "ಬರೀ ಕಪ್ಪು ಕಾಣ್ತಿದೆ." ನೋಡುಗರು ಹೇಳುವುದು ಲಕ್ಷಣ ಮಾತ್ರ. ಒಂದೇ ಲಕ್ಷಣಕ್ಕೆ ನಾಲ್ಕೈದು ಕಾರಣ ಇರಬಹುದು. ದೂರು ಬಂದ ತಕ್ಷಣ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಇಳಿಸುವುದು, ರೌಟರ್ ಆಫ್ ಮಾಡಿ ಆನ್ ಮಾಡುವುದು, ಸೆಟ್ಟಿಂಗ್ಸ್‌ನಲ್ಲಿ ಕಂಡದ್ದನ್ನೆಲ್ಲ ಬದಲಿಸುವುದು ಬೇಡ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಬಂದಾಗ ಮತ್ತೆ ಮೊದಲಿಂದ ಶುರು.

ಕ್ಯಾಮೆರಾದಿಂದ ಹೊರಟ ಚಿತ್ರ ನೋಡುಗರ ಫೋನ್ ಸೇರುವ ದಾರಿ ಹೀಗಿದೆ. ಕ್ಯಾಮೆರಾ, ಎಚ್‌ಡಿಎಂಐ ಕೇಬಲ್, ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಕಾರ್ಡ್, ಕಂಪ್ಯೂಟರಿನಲ್ಲಿ ಲೈವ್ ನಡೆಸುವ ಒಬಿಎಸ್ ಥರದ ಸಾಫ್ಟ್‌ವೇರ್, ಚಿತ್ರವನ್ನು ಕುಗ್ಗಿಸುವ ಎನ್‌ಕೋಡರ್, ನಿಮ್ಮ ಅಪ್‌ಲೋಡ್ ಸಂಪರ್ಕ, ಪ್ಲಾಟ್‌ಫಾರ್ಮಿನ ಸರ್ವರ್, ಅಲ್ಲಿ ಬೇರೆ ಬೇರೆ ಗುಣಮಟ್ಟಕ್ಕೆ ಆಗುವ ಟ್ರಾನ್ಸ್‌ಕೋಡಿಂಗ್, ವಿಡಿಯೊವನ್ನು ಊರೂರಿಗೆ ಹಂಚುವ ಸರ್ವರ್‌ಗಳ ಜಾಲ ಅಂದರೆ ಸಿಡಿಎನ್, ಕೊನೆಗೆ ಪ್ಲೇಯರ್. ಈ ದಾರಿಯನ್ನು ಮಧ್ಯಕ್ಕೆ ಕತ್ತರಿಸಿ, ದೋಷ ಎಡಗಡೆಯ ಅರ್ಧದಲ್ಲಿದೆಯೋ ಬಲಗಡೆಯ ಅರ್ಧದಲ್ಲಿದೆಯೋ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಬೇಕು. ಹಂತ ಗೊತ್ತಾದರೆ ಪರಿಹಾರ ಹುಡುಕುವುದು ಅಷ್ಟೇನೂ ಕಷ್ಟ ಅಲ್ಲ.

ಮೊದಲ ಸಾಕ್ಷಿ ಲೋಕಲ್ ರೆಕಾರ್ಡಿಂಗ್

ಲೈವ್ ಹೋಗುವಾಗ ಪ್ರತಿಸಲವೂ ಅದೇ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಕೂಡ ಓಡುತ್ತಿರಲಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಒಬಿಎಸ್‌ನಲ್ಲಿ ರೆಕಾರ್ಡಿಂಗ್ ಗುಣಮಟ್ಟವನ್ನು 'ಸ್ಟ್ರೀಮ್‌ನಂತೆಯೇ' ಅಂತ ಇಟ್ಟರೆ ಒಂದೇ ಎನ್‌ಕೋಡರ್ ಎರಡೂ ಕೆಲಸ ಮಾಡುತ್ತದೆ. ಅಂದರೆ ನೆಟ್‌ವರ್ಕಿಗೆ ಹೋಗುವ ಡೇಟಾವೇ ಡಿಸ್ಕಿಗೂ ಹೋಗುತ್ತದೆ. ರೆಕಾರ್ಡಿಂಗಿಗೆ ಬೇರೆ ಎನ್‌ಕೋಡರ್ ಇಟ್ಟರೆ ಕಂಪ್ಯೂಟರಿನ ಮೇಲೆ ಹೊರೆ ಜಾಸ್ತಿ ಆಗುತ್ತದೆ, ಸಾಕ್ಷಿಯೂ ಅಷ್ಟು ನಂಬಿಕೆಗೆ ಸಿಗುವುದಿಲ್ಲ.

ಈಗ ನೋಡುಗರು ಸ್ಟಕ್ ಆಯ್ತು ಅಂದ ನಿಮಿಷಕ್ಕೆ ಹೋಗಿ ಆ ಫೈಲ್ ತೆರೆಯಿರಿ. ಅಲ್ಲೂ ಚಿತ್ರ ತಡವರಿಸಿದರೆ ದೋಷ ಎಡಗಡೆ ಇದೆ: ಕ್ಯಾಮೆರಾ, ಕೇಬಲ್, ಕಾರ್ಡ್, ಕಂಪ್ಯೂಟರ್, ಎನ್‌ಕೋಡರ್. ನೆಟ್‌ವರ್ಕ್ ಮುಟ್ಟಲೇಬೇಡಿ. ಫೈಲ್ ನೀರು ಹರಿದ ಹಾಗೆ ಓಡಿದರೆ ಎನ್‌ಕೋಡರ್‌ವರೆಗೆ ಎಲ್ಲ ಚೆನ್ನಾಗಿದೆ. ಅಲ್ಲಿಂದ ಮುಂದೆ ಹುಡುಕಬೇಕು.

ರೆಕಾರ್ಡಿಂಗ್ ಎಂಪಿ4ಗಿಂತ ಎಂಕೆವಿ ರೂಪದಲ್ಲಿರುವುದು ವಾಸಿ. ಕರೆಂಟು ಹೋದರೆ ಅಥವಾ ಸಾಫ್ಟ್‌ವೇರ್ ಕ್ರ್ಯಾಶ್ ಆದರೆ ಸಾಮಾನ್ಯ ಎಂಪಿ4 ಫೈಲ್ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನ ಭಾಗ ಉಳಿದಿರುತ್ತದೆ. ಆಮೇಲೆ ಒಬಿಎಸ್‌ನ ರೀಮಕ್ಸ್ ಆಯ್ಕೆಯಿಂದ ಎಂಪಿ4 ಮಾಡಿಕೊಂಡರಾಯ್ತು.

ಮೂರು ಸಾಲು, ಮೂರು ಬೇರೆ ರೋಗ

ಒಬಿಎಸ್‌ನ ವ್ಯೂ ಮೆನುವಿನಲ್ಲಿ ಸ್ಟ್ಯಾಟ್ಸ್ ಅಂತ ಒಂದು ಕಿಟಕಿ ಇದೆ. ಅದನ್ನು ಡಾಕ್ ಆಗಿ ಸದಾ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟುಕೊಳ್ಳಿ. ಫ್ರೇಮ್ ಕಳೆದುಹೋಗುವುದನ್ನು ಅದು ಮೂರು ಕಡೆ ಬೇರೆ ಬೇರೆಯಾಗಿ ಲೆಕ್ಕ ಇಡುತ್ತದೆ. ತುಂಬಾ ಜನ ಮೂರನ್ನೂ ಸೇರಿಸಿ ಸುಮ್ನೆ "ಫ್ರೇಮ್ ಡ್ರಾಪ್" ಅಂದುಬಿಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮ್‌ಗಳು ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಬಿಡುವಿಲ್ಲ ಅಂತ ಅರ್ಥ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಒಂದು ಫ್ರೇಮ್ ಜೋಡಿಸಲು ಸಿಗುವ ಸಮಯ ಬರೀ 16.7 ಮಿಲಿಸೆಕೆಂಡ್. 30 ಎಫ್‌ಪಿಎಸ್ ಆದರೆ 33.3. ಅದೇ ಕಿಟಕಿಯಲ್ಲಿ ಸರಾಸರಿ ರೆಂಡರ್ ಸಮಯವೂ ಕಾಣುತ್ತದೆ. ಆ ಅಂಕಿ ಈ ಮಿತಿಯ ಹತ್ತಿರ ಓಡಾಡುತ್ತಿದ್ದರೆ ಸೀನ್‌ನಲ್ಲಿ ಏನೋ ಭಾರ ಜಾಸ್ತಿ ಆಗಿದೆ. ಬ್ರೌಸರ್ ಸೋರ್ಸ್‌ಗಳು, 4ಕೆ ಇಮೇಜ್‌ಗಳು, ಫಿಲ್ಟರ್‌ಗಳನ್ನು ಒಂದೊಂದಾಗಿ ಅಡಗಿಸುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೋ ಅದೇ ಕಾರಣ. ಅದೇ ಕಂಪ್ಯೂಟರಿನಲ್ಲಿ ಗೇಮ್ ಓಡುತ್ತಿದ್ದರೆ ಗೇಮಿನ ಎಫ್‌ಪಿಎಸ್‌ಗೆ ಒಂದು ಮಿತಿ ಹಾಕಿ.

ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದ ಫ್ರೇಮ್‌ಗಳು ಏರಿದರೆ ಎನ್‌ಕೋಡರ್ ಏದುಸಿರು ಬಿಡುತ್ತಿದೆ. ಪ್ರೊಸೆಸರ್ ಮೇಲೆ ಓಡುವ ಎಕ್ಸ್264 ಎನ್‌ಕೋಡರ್ ಬಳಸುತ್ತಿದ್ದರೆ ಪ್ರೀಸೆಟ್ ಇನ್ನೊಂದು ಹಂತ ವೇಗದ ಕಡೆಗೆ ಸರಿಸಿ, ಅಥವಾ ಎನ್‌ವೆಂಕ್, ಕ್ವಿಕ್ ಸಿಂಕ್‌ನಂಥ ಹಾರ್ಡ್‌ವೇರ್ ಎನ್‌ಕೋಡರ್‌ಗೆ ಹೋಗಿ. ಮಾತುಕತೆ, ಉಪನ್ಯಾಸದಂಥ ಕಾರ್ಯಕ್ರಮಕ್ಕೆ 60 ಎಫ್‌ಪಿಎಸ್ ಯಾಕೆ ಬೇಕು ಹೇಳಿ? 30ಕ್ಕೆ ಇಳಿಸಿದರೆ ಅರ್ಧ ಕೆಲಸ ತಾನಾಗಿ ಕಮ್ಮಿ ಆಗುತ್ತದೆ.

ಮೂರನೆಯದು ನೆಟ್‌ವರ್ಕಿನಿಂದ ಡ್ರಾಪ್ ಆದ ಫ್ರೇಮ್‌ಗಳು. ಇದು ಮಾತ್ರ ಏರುತ್ತಾ ಉಳಿದೆರಡು ಸೊನ್ನೆಯಲ್ಲಿದ್ದರೆ ನಿಮ್ಮ ಕಂಪ್ಯೂಟರ್ ನಿರಪರಾಧಿ. ಇಂಥ ಸಮಯದಲ್ಲಿ ಲೋಕಲ್ ರೆಕಾರ್ಡಿಂಗ್ ಸ್ವಚ್ಛವಾಗಿರುತ್ತದೆ, ಯಾಕೆಂದರೆ ಫ್ರೇಮ್ ಬಿದ್ದುಹೋಗುವುದು ಕಳಿಸುವ ಜಾಗದಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ನೋಡಬೇಕು ಅಂದರೆ ಲಾಗ್ ಫೈಲಿನ ಕೊನೆಗೆ ಹೋಗಿ. ಈ ಮೂರೂ ಲೆಕ್ಕ ಅಲ್ಲಿ ಬರೆದಿರುತ್ತವೆ.

ಮೂರೂ ಸೊನ್ನೆ, ಆದರೂ ರೆಕಾರ್ಡಿಂಗಿನಲ್ಲಿ ಚಿತ್ರ ಕುಪ್ಪಳಿಸುತ್ತಿದೆಯಾ? ಹಾಗಾದರೆ ತೊಂದರೆ ಒಬಿಎಸ್‌ಗಿಂತ ಮುಂಚೆಯೇ ಆಗಿದೆ. ಇಲ್ಲಿ ಯುಎಸ್‌ಬಿ ಪೋರ್ಟ್ ನೋಡುವುದನ್ನು ತುಂಬಾ ಜನ ಮರೆಯುತ್ತಾರೆ. 1080ಪಿ ಚಿತ್ರದಲ್ಲಿ 20,73,600 ಪಿಕ್ಸೆಲ್ ಇವೆ. ಪಿಕ್ಸೆಲ್‌ಗೆ 16 ಬಿಟ್, ಸೆಕೆಂಡಿಗೆ 30 ಫ್ರೇಮ್ ಅಂತ ಗುಣಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 1000 ಮೆಗಾಬಿಟ್ ಆಗುತ್ತದೆ. ಯುಎಸ್‌ಬಿ 2.0ರ ಗರಿಷ್ಠ ವೇಗವೇ 480 ಮೆಗಾಬಿಟ್. ಕುಗ್ಗಿಸದ ಚಿತ್ರ ಅದರಲ್ಲಿ ಹೋಗಲು ಸಾಧ್ಯವೇ ಇಲ್ಲ. ಕಾರ್ಡನ್ನು ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ, ಮಧ್ಯೆ ಹಬ್ ಇದ್ದರೆ ತೆಗೆಯಿರಿ. ಯುಎಸ್‌ಬಿ 2 ಕಾರ್ಡೇ ಗತಿ ಅಂದರೆ ಸೋರ್ಸಿನ ಪ್ರಾಪರ್ಟೀಸ್‌ನಲ್ಲಿ ವಿಡಿಯೊ ಫಾರ್ಮ್ಯಾಟನ್ನು ಚಿತ್ರ ಕುಗ್ಗಿಸಿ ಕಳಿಸುವ ಎಂಜೆಪೆಗ್‌ಗೆ ಬದಲಿಸಿ. ಕ್ಯಾಮೆರಾ 25 ಅಥವಾ 50 ಎಫ್‌ಪಿಎಸ್‌ನಲ್ಲಿದ್ದು ಒಬಿಎಸ್ 30ರಲ್ಲಿದ್ದರೂ ಚಲನೆ ನುಣುಪಾಗಿ ಬರುವುದಿಲ್ಲ. ಎರಡನ್ನೂ ಒಂದೇ ಅಂಕಿಗೆ ತನ್ನಿ.

ನೆಟ್‌ವರ್ಕ್: ತಾಳ್ಮೆ ಬೇಕಾದ ಭಾಗ

"ಸ್ಪೀಡ್ ಟೆಸ್ಟ್‌ನಲ್ಲಿ 20 ಎಂಬಿಪಿಎಸ್ ಅಪ್‌ಲೋಡ್ ಬರ್ತಿದೆ, ನನ್ನ ಬಿಟ್‌ರೇಟ್ ಬರೀ 6, ಆದ್ರೂ ಡ್ರಾಪ್ ಆಗ್ತಿದೆ" ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಸ್ಪೀಡ್ ಟೆಸ್ಟ್ ಕೆಲವೇ ಸೆಕೆಂಡು ಓಡುತ್ತದೆ. ಅದು ಹೇಳುವುದು ಆ ಹೊತ್ತಿನ ಗರಿಷ್ಠ ವೇಗ. ಲೈವ್‌ಗೆ ಬೇಕಾದ್ದು ಎರಡು ಗಂಟೆ ಒಂದೇ ಸಮ ಹರಿಯುವ ವೇಗ. ಸ್ಟ್ರೀಮ್ ಕಳಿಸಲು ಸಾಮಾನ್ಯವಾಗಿ ಬಳಸುವ ಆರ್‌ಟಿಎಂಪಿ ಎಂಬ ವಿಧಾನ ಓಡುವುದು ಟಿಸಿಪಿ ಎಂಬ ಇಂಟರ್‌ನೆಟ್ ನಿಯಮದ ಮೇಲೆ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಹೋಗಿ ತಲುಪುವವರೆಗೆ ಹಿಂದಿನದ್ದೆಲ್ಲ ಕಾಯಬೇಕು. ಹೀಗೆ ಕಾಯುವ ಡೇಟಾ ಬಫರ್‌ನಲ್ಲಿ ಗುಡ್ಡೆ ಬೀಳುತ್ತದೆ. ಒಂದು ಮಿತಿ ದಾಟಿದ ಮೇಲೆ ಒಬಿಎಸ್ ಬೇರೆ ದಾರಿಯಿಲ್ಲದೆ ಫ್ರೇಮ್ ಎಸೆಯುತ್ತದೆ.

ಎಲ್ಲಿ ತಡೆ ಇದೆ ಅಂತ ತಿಳಿಯಲು ಪಿಂಗ್ ಕಮಾಂಡ್ ಸಾಕು. ಸಣ್ಣ ಸಂದೇಶವೊಂದು ಹೋಗಿ ಬರಲು ಎಷ್ಟು ಸಮಯ ಹಿಡಿಯುತ್ತದೆ ಅಂತ ಅದು ತೋರಿಸುತ್ತದೆ. ಎರಡು ಕಮಾಂಡ್ ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮ ರೌಟರ್‌ಗೆ ಪಿಂಗ್ ಓಡಲಿ. ಸಾಮಾನ್ಯವಾಗಿ ಅದರ ವಿಳಾಸ 192.168.1.1 ಥರ ಇರುತ್ತದೆ. ಇನ್ನೊಂದರಲ್ಲಿ ಹೊರಗಿನ ಸರ್ವರ್, ಉದಾಹರಣೆಗೆ 8.8.8.8. ಮೊದಲು ಸ್ಟ್ರೀಮ್ ಇಲ್ಲದೆ ಎರಡು ನಿಮಿಷ ನೋಡಿ. ಆಮೇಲೆ ಸ್ಟ್ರೀಮ್ ಶುರು ಮಾಡಿ ನೋಡಿ.

ರೌಟರ್‌ನ ಪಿಂಗ್ ಒಂದೆರಡು ಮಿಲಿಸೆಕೆಂಡ್‌ನಲ್ಲಿ ನಿಂತಿರಬೇಕು. ಅದೇ ಆಗಾಗ 80, 150, 200 ಅಂತ ಹಾರುತ್ತಿದ್ದರೆ ತೊಂದರೆ ನಿಮ್ಮ ಕೋಣೆಯೊಳಗಿದೆ. ಬಹುತೇಕ ವೈಫೈ. ಒಂದು ಈಥರ್ನೆಟ್ ಕೇಬಲ್ ಎಳೆದರೆ ಮುಗಿಯುತ್ತದೆ. ಗೋಡೆ ದಾಟಿಸಿ ಕೇಬಲ್ ಎಳೆಯುವುದು ಕಿರಿಕಿರಿ ಅನ್ನಿಸಬಹುದು, ಆದರೆ ಲೈವ್‌ಗೆ ಅದಕ್ಕಿಂತ ಒಳ್ಳೆ ಮದ್ದು ನಾನು ನೋಡಿಲ್ಲ.

ರೌಟರ್ ಸ್ಥಿರವಾಗಿದ್ದು ಹೊರಗಿನ ಪಿಂಗ್ ಮಾತ್ರ ಸ್ಟ್ರೀಮ್ ಇಲ್ಲದಾಗಲೂ ಏರಿಳಿದರೆ ತಡೆ ಇಂಟರ್‌ನೆಟ್ ಸೇವೆ ಕೊಡುವವರ ಕಡೆ ಇದೆ. ಈ ಎರಡು ಕಿಟಕಿಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ. "ನೆಟ್ ಸ್ಲೋ ಇದೆ" ಅನ್ನುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ?

ಮೂರನೆಯ ಸಾಧ್ಯತೆಯೂ ಇದೆ. ಸ್ಟ್ರೀಮ್ ಇಲ್ಲದಾಗ ಹೊರಗಿನ ಪಿಂಗ್ 20ರಲ್ಲಿ ನಿಂತಿರುತ್ತದೆ. ಸ್ಟ್ರೀಮ್ ಶುರುವಾದ ಮೇಲೆ ನಿಧಾನಕ್ಕೆ 300, 500 ದಾಟುತ್ತದೆ. ಅಂದರೆ ಅಪ್‌ಲೋಡ್ ದಾರಿ ತುಂಬಿಹೋಗಿದೆ. ನಿಮ್ಮ ಬಿಟ್‌ರೇಟ್ ಜಾಸ್ತಿ ಇರಬಹುದು, ಅಥವಾ ಅದೇ ಸಂಪರ್ಕದಲ್ಲಿ ಯಾರದೋ ಫೋನು ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿರಬಹುದು. ಅಳೆದ ಅಪ್‌ಲೋಡ್ ವೇಗದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಳಸದಿರುವುದು ಒಳ್ಳೆಯ ರೂಢಿ. ಎರಡು ಪ್ಲಾಟ್‌ಫಾರ್ಮಿಗೆ ನಿಮ್ಮ ಕಂಪ್ಯೂಟರಿನಿಂದಲೇ ನೇರವಾಗಿ ಕಳಿಸುತ್ತಿದ್ದರೆ ಬೇಕಾದ ಅಪ್‌ಲೋಡೂ ಎರಡು ಪಟ್ಟು ಆಗುತ್ತದೆ.

ಬಿಟ್ ಮತ್ತು ಬೈಟ್ ಗೊಂದಲವೂ ಇಲ್ಲಿ ಕಾಡುತ್ತದೆ. 6000 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 6 ಮೆಗಾಬಿಟ್, ಅಂದರೆ 0.75 ಮೆಗಾಬೈಟ್. ಒಂದು ಗಂಟೆಗೆ 2.7 ಜಿಬಿ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಲೈವ್ ಮಾಡುವವರು ಈ ಲೆಕ್ಕ ಮೊದಲೇ ಹಾಕಬೇಕು. ದಿನದ ಡೇಟಾ ಮುಗಿದು ವೇಗ ಕುಸಿದರೆ ಅದು ಸ್ಟ್ರೀಮ್ ದೋಷದ ಹಾಗೇ ಕಾಣುತ್ತದೆ.

ಸಂಪರ್ಕವೇ ಆಗುತ್ತಿಲ್ಲ ಅಂದರೆ ಮೊದಲು ಸ್ಟ್ರೀಮ್ ಕೀ (ಪ್ಲಾಟ್‌ಫಾರ್ಮ್ ನಿಮಗೆ ಕೊಡುವ ಗುಪ್ತ ಸಂಕೇತ) ಮತ್ತೊಮ್ಮೆ ಕಾಪಿ ಮಾಡಿ. ಹಿಂದೆ ಮುಂದೆ ಒಂದು ಖಾಲಿ ಜಾಗ ಸೇರಿಕೊಂಡರೂ ಆಗುವುದಿಲ್ಲ. ಕೀ ಸರಿ ಇದ್ದರೆ ಫೈರ್‌ವಾಲ್ ನೋಡಿ. ಆರ್‌ಟಿಎಂಪಿ 1935ನೇ ಪೋರ್ಟ್ ಬಳಸುತ್ತದೆ. ಕಾಲೇಜು, ಕಚೇರಿಗಳ ನೆಟ್‌ವರ್ಕಿನಲ್ಲಿ ಅದನ್ನು ಮುಚ್ಚಿರುವುದುಂಟು. ಸಾಮಾನ್ಯವಾಗಿ 443ರಲ್ಲಿ ಹೋಗುವ ಆರ್‌ಟಿಎಂಪಿಎಸ್‌ಗೆ ಬದಲಿಸಿ ನೋಡಿ. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಸೌಲಭ್ಯ ಆನ್ ಮಾಡಿದರೆ ಅದು ತೆರೆದುಕೊಳ್ಳಲು 24 ಗಂಟೆವರೆಗೆ ಹಿಡಿಯಬಹುದು. ಕಾರ್ಯಕ್ರಮದ ಬೆಳಿಗ್ಗೆ ಆನ್ ಮಾಡಿ ಸಂಜೆಗೆ ಲೈವ್ ಅಂದುಕೊಳ್ಳುವುದು ಬೇಡ.

ಆರ್‌ಟಿಎಂಪಿ ಬದಲು ಎಸ್‌ಆರ್‌ಟಿ ಎಂಬ ವಿಧಾನ ಬಳಸುವವರಿಗೆ ಒಂದು ಮಾತು. ಅದರ ಲೇಟೆನ್ಸಿ (ತಡ) ಡೀಫಾಲ್ಟ್ ಆಗಿ 120 ಮಿಲಿಸೆಕೆಂಡ್ ಇರುತ್ತದೆ. ದೂರದ ಸರ್ವರ್‌ಗೆ ಅದು ಸಾಲದು. ಪಿಂಗ್ ಸಮಯದ ಮೂರು ನಾಲ್ಕು ಪಟ್ಟು ಕೊಡಿ. ಚಿತ್ರ ಚೌಕ ಚೌಕವಾಗಿ ಒಡೆಯುವುದು ಅಲ್ಲಿಗೆ ನಿಲ್ಲುತ್ತದೆ.

ನಿಮ್ಮ ಕಡೆ ಎಲ್ಲ ಸರಿ, ನೋಡುಗರಿಗೆ ಮಾತ್ರ ಬಫರಿಂಗ್

ಇಲ್ಲಿ ಮೊದಲ ಪ್ರಶ್ನೆ: ಒಬ್ಬರಿಗೋ ಎಲ್ಲರಿಗೋ? ಬೇರೆ ಫೋನು, ಬೇರೆ ನೆಟ್‌ವರ್ಕಿನಲ್ಲಿ ನೀವೇ ತೆರೆದು ನೋಡಿ. ನೀವು ಸ್ಟ್ರೀಮ್ ಮಾಡುತ್ತಿರುವ ಸಂಪರ್ಕದಲ್ಲೇ ನೋಡಿದರೆ ಆ ಪರೀಕ್ಷೆಗೆ ಬೆಲೆ ಇಲ್ಲ. ಯೂಟ್ಯೂಬ್ ಪ್ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಸಿಗುತ್ತದೆ. ಅದರಲ್ಲಿ ಬಫರ್ ಹೆಲ್ತ್ ಅನ್ನುವ ಸಾಲು ಸೊನ್ನೆ ಸೆಕೆಂಡಿಗೆ ಇಳಿಯುತ್ತಿದ್ದರೆ ಡೇಟಾ ತಲುಪುತ್ತಿಲ್ಲ. ಬಫರ್ ತುಂಬಿದ್ದು ಡ್ರಾಪ್ ಆದ ಫ್ರೇಮ್‌ಗಳು ಏರುತ್ತಿದ್ದರೆ ನೋಡುಗರ ಸಾಧನಕ್ಕೇ ವಿಡಿಯೊ ಬಿಚ್ಚುವ ತಾಕತ್ತು ಸಾಲುತ್ತಿಲ್ಲ. ಅಂಥವರಿಗೆ ಗುಣಮಟ್ಟ ಇಳಿಸಿ ನೋಡಲು ಹೇಳಿ.

ಎಲ್ಲರಿಗೂ ತೊಂದರೆ ಇದ್ದು ನಿಮ್ಮ ಸ್ಟ್ಯಾಟ್ಸ್ ಸ್ವಚ್ಛವಾಗಿದ್ದರೆ ಕೀಫ್ರೇಮ್ (ಇಡೀ ಚಿತ್ರವನ್ನು ಹೊತ್ತ ಫ್ರೇಮ್) ಅಂತರ ನೋಡಿ. ಎಕ್ಸ್264 ತನ್ನಷ್ಟಕ್ಕೆ ಬಿಟ್ಟರೆ 250 ಫ್ರೇಮ್‌ವರೆಗೆ ಕೀಫ್ರೇಮ್ ಹಾಕದೆ ಇರಬಹುದು. 30 ಎಫ್‌ಪಿಎಸ್‌ನಲ್ಲಿ ಅದು 8.3 ಸೆಕೆಂಡ್. ಪ್ಲಾಟ್‌ಫಾರ್ಮ್ ನಿಮ್ಮ ವಿಡಿಯೊವನ್ನು ಸಣ್ಣ ಸಣ್ಣ ತುಂಡು ಮಾಡಿ ಹಂಚುತ್ತದೆ. ಒಂದೊಂದು ತುಂಡೂ ಕೀಫ್ರೇಮ್‌ನಿಂದಲೇ ಶುರುವಾಗಬೇಕು. ಕೀಫ್ರೇಮ್ ಅಪರೂಪವಾದರೆ ತುಂಡುಗಳು ಉದ್ದ ಆಗುತ್ತವೆ, ಅಡ್ಡಾದಿಡ್ಡಿ ಆಗುತ್ತವೆ, ಪ್ಲೇಯರ್ ತಡವರಿಸುತ್ತದೆ. ಸೆಟ್ಟಿಂಗ್‌ನಲ್ಲಿ ಸೊನ್ನೆ ಅಥವಾ ಆಟೊ ಅಂತ ಇದ್ದರೆ 2 ಸೆಕೆಂಡ್ ಮಾಡಿ. ಯೂಟ್ಯೂಬ್ ಕೇಳುವುದೂ ಅದನ್ನೇ, 4 ಸೆಕೆಂಡ್ ದಾಟಬಾರದು ಅನ್ನುತ್ತದೆ. ರೇಟ್ ಕಂಟ್ರೋಲ್ ಸಿಬಿಆರ್ (ಸ್ಥಿರ ಬಿಟ್‌ರೇಟ್) ಇರಲಿ.

"ಲೈವ್ 20 ಸೆಕೆಂಡ್ ಹಿಂದೆ ಇದೆ" ಅನ್ನುವುದು ಎಷ್ಟೋ ಸಲ ದೋಷವೇ ಅಲ್ಲ. ಆ್ಯಪಲ್ 2009ರಲ್ಲಿ ತಂದ, ವಿಡಿಯೊವನ್ನು ತುಂಡು ತುಂಡಾಗಿ ಹಂಚುವ ಎಚ್‌ಎಲ್‌ಎಸ್ ವಿಧಾನ ಕೆಲಸ ಮಾಡುವುದೇ ಹಾಗೆ. ಒಂದು ತುಂಡು 6 ಸೆಕೆಂಡ್ ಇದ್ದು, ಪ್ಲೇಯರ್ ಮೂರು ತುಂಡು ಹಿಂದಿನಿಂದ ಶುರು ಮಾಡಿದರೆ 18 ಸೆಕೆಂಡ್ ಅಲ್ಲಿಗೇ ಹೋಯಿತು. ಪ್ರಶ್ನೋತ್ತರ ಇಲ್ಲದ ಕಾರ್ಯಕ್ರಮಕ್ಕೆ ಕಮ್ಮಿ ಲೇಟೆನ್ಸಿ ಆರಿಸುವುದು ಯಾಕೆ? ಲೇಟೆನ್ಸಿ ಕಮ್ಮಿ ಮಾಡಿದಷ್ಟೂ ಪ್ಲೇಯರ್ ಕೈಯಲ್ಲಿರುವ ಬಫರ್ ಕರಗುತ್ತದೆ. ನೆಟ್‌ವರ್ಕ್ ಸ್ವಲ್ಪ ಅಲುಗಾಡಿದರೂ ಚಿತ್ರ ನಿಲ್ಲುತ್ತದೆ. ನನ್ನ ಕೇಳಿದರೆ, ನೋಡುಗರು ಬಫರಿಂಗ್ ಅಂತ ಗೋಳಾಡುತ್ತಿರುವ ಚಾನೆಲ್‌ಗಳು ಮೊದಲು ಸಾಮಾನ್ಯ ಲೇಟೆನ್ಸಿಗೆ ಮರಳಬೇಕು.

ಸ್ವಂತ ಸರ್ವರ್ ನಡೆಸುವವರಿಗೆ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, 6 ಎಂಬಿಪಿಎಸ್‌ನ ಒಂದೇ ಗುಣಮಟ್ಟ ಕೊಟ್ಟರೆ 4 ಎಂಬಿಪಿಎಸ್ ಇರುವ ಫೋನಿನಲ್ಲಿ ಬಫರಿಂಗ್ ಖಚಿತ. 720ಪಿ, 480ಪಿ, 360ಪಿ ಮೆಟ್ಟಿಲುಗಳೂ ಬೇಕು. ಎರಡು, ಸಿಡಿಎನ್ ನಿಮ್ಮ ಎಂ3ಯು8 ಎಂಬ ತುಂಡುಗಳ ಪಟ್ಟಿಯನ್ನೇ ಜಾಸ್ತಿ ಹೊತ್ತು ಕ್ಯಾಶ್‌ನಲ್ಲಿ ಇಟ್ಟುಕೊಂಡರೆ ಪ್ಲೇಯರ್‌ಗೆ ಹಳೇ ಪಟ್ಟಿಯೇ ಸಿಗುತ್ತಿರುತ್ತದೆ. ಹೊಸ ತುಂಡು ಬಂದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ವಿಡಿಯೊ ತುಂಡುಗಳನ್ನು ಎಷ್ಟು ಹೊತ್ತಾದರೂ ಕ್ಯಾಶ್ ಮಾಡಿ, ಲೈವ್ ಪಟ್ಟಿಯನ್ನು ಒಂದೆರಡು ಸೆಕೆಂಡಿಗಿಂತ ಜಾಸ್ತಿ ಬೇಡ.

ಸೌಂಡ್ ಮತ್ತು ಚಿತ್ರ ಹೊಂದದಿದ್ದರೆ

ವ್ಯತ್ಯಾಸ ಶುರುವಿನಿಂದ ಕೊನೆವರೆಗೆ ಒಂದೇ ಇದೆಯೋ, ಬೆಳೆಯುತ್ತಾ ಹೋಗುತ್ತದೆಯೋ? ಇದೊಂದನ್ನು ತಿಳಿದರೆ ಅರ್ಧ ಕೆಲಸ ಮುಗಿಯಿತು. ಕ್ಯಾಮೆರಾ ಮುಂದೆ ನಿಂತು ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ರೆಕಾರ್ಡಿಂಗನ್ನು ಎಡಿಟರ್‌ನಲ್ಲಿ ತೆರೆದು ಕೈ ಕೂಡಿದ ಫ್ರೇಮ್‌ಗೂ ಶಬ್ದದ ಅಲೆ ಏಳುವ ಜಾಗಕ್ಕೂ ಎಷ್ಟು ಫ್ರೇಮ್ ಅಂತ ಎಣಿಸಿ. 30 ಎಫ್‌ಪಿಎಸ್‌ನಲ್ಲಿ 4 ಫ್ರೇಮ್ ಅಂದರೆ 133 ಮಿಲಿಸೆಕೆಂಡ್.

ಎರಡೂ ಚಪ್ಪಾಳೆಯಲ್ಲಿ ಅದೇ 4 ಫ್ರೇಮ್ ಬಂದರೆ ಸುಲಭ. ಕ್ಯಾಮೆರಾ ಮತ್ತು ಕಾರ್ಡ್ ಚಿತ್ರವನ್ನು ತಡ ಮಾಡುತ್ತವೆ, ಮಿಕ್ಸರ್‌ನ ಸೌಂಡ್ ಮಾತ್ರ ಬೇಗ ಬಂದು ಕೂರುತ್ತದೆ. ಒಬಿಎಸ್‌ನ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್‌ಗೆ ಹೋಗಿ ಸಿಂಕ್ ಆಫ್‌ಸೆಟ್‌ನಲ್ಲಿ 133 ಹಾಕಿ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಬಿಟಿ.1359 ಶಿಫಾರಸಿನ ಪ್ರಕಾರ ಸೌಂಡ್ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ಅಥವಾ 125 ಹಿಂದೆ ಬಿದ್ದರೆ ನಮ್ಮ ಗಮನಕ್ಕೆ ಬರಲು ಶುರುವಾಗುತ್ತದೆ. ಸೌಂಡ್ ಮುಂದೆ ಬರುವುದನ್ನು ನಾವು ಅಷ್ಟು ಸಹಿಸುವುದಿಲ್ಲ. ಹಾಗಾಗಿ ಅನುಮಾನ ಇದ್ದರೆ ಒಂದು ಫ್ರೇಮ್ ಹಿಂದೆ ಇಡುವುದೇ ಕ್ಷೇಮ.

ವ್ಯತ್ಯಾಸ ಬೆಳೆಯುತ್ತಿದ್ದರೆ ಆಫ್‌ಸೆಟ್ ಹಾಕಿ ಪ್ರಯೋಜನ ಇಲ್ಲ. ಎರಡು ಗಡಿಯಾರ ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ. ಗಂಟೆಗೆ ಸರಿಯಾಗಿ 3.6 ಸೆಕೆಂಡ್ ಜರುಗಿದ್ದರೆ 29.97 ಮತ್ತು 30 ಎಫ್‌ಪಿಎಸ್ ಬೆರೆತಿದೆ ಅಂತ ಕಣ್ಣುಮುಚ್ಚಿ ಹೇಳಬಹುದು. ಆ ಎರಡರ ನಡುವೆ ಇರುವ ಅಂತರ ಸಾವಿರಕ್ಕೆ ಒಂದು, ಒಂದು ಗಂಟೆಯಲ್ಲಿರುವುದು 3600 ಸೆಕೆಂಡ್. ಎಡಿಟಿಂಗ್ ಪ್ರಾಜೆಕ್ಟಿನ ಫ್ರೇಮ್‌ರೇಟ್ ತಿದ್ದಿದರೆ ಸರಿಹೋಗುತ್ತದೆ. ಫೋನಿನಲ್ಲಿ ತೆಗೆದ ವಿಡಿಯೊ ಆದರೆ ಫ್ರೇಮ್‌ರೇಟ್ ಸ್ಥಿರವಾಗಿರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್‌ರೇಟ್‌ಗೆ ಬದಲಿಸಿಕೊಂಡು ಆಮೇಲೆ ಎಡಿಟ್ ಮಾಡಿ. ಲೈವ್‌ನಲ್ಲೇ ಸೌಂಡ್ ಜರುಗುತ್ತಾ ಚಟಪಟ ಸದ್ದೂ ಬರುತ್ತಿದ್ದರೆ ಮಿಕ್ಸರ್, ವಿಂಡೋಸ್, ಒಬಿಎಸ್ ಮೂರರ ಸ್ಯಾಂಪಲ್ ರೇಟ್ ನೋಡಿ. ಒಂದು 44.1, ಇನ್ನೊಂದು 48 ಕಿಲೊಹರ್ಟ್ಸ್ ಇದ್ದರೆ ಎಲ್ಲವನ್ನೂ 48ಕ್ಕೆ ತನ್ನಿ.

ಕಪ್ಪು ಪರದೆ

ಕ್ಯಾಪ್ಚರ್ ಕಾರ್ಡಿನಿಂದ ಬರೀ ಕಪ್ಪು ಬಂದರೆ ಎಚ್‌ಡಿಸಿಪಿ ಎಂಬ ನಕಲು ತಡೆಯುವ ರಕ್ಷಣೆ ಆನ್ ಇದೆಯಾ ನೋಡಿ. ಕೆಲವು ಗೇಮ್ ಕನ್ಸೋಲ್‌ಗಳ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಬಹುದು. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ಡಿಸ್‌ಪ್ಲೇ ಕ್ಯಾಪ್ಚರ್ ಕಪ್ಪಾದರೆ ಪರದೆ ಒಂದು ಚಿಪ್‌ನಲ್ಲಿ, ಒಬಿಎಸ್ ಇನ್ನೊಂದರಲ್ಲಿ ಓಡುತ್ತಿದೆ. ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಒಬಿಎಸ್‌ಗೆ ಕಮ್ಮಿ ವಿದ್ಯುತ್ ಬಳಸುವ ಚಿಪ್ ಕೊಡಿ.

ಅಪ್‌ಲೋಡ್ ಮಾಡಿಟ್ಟ ವಿಡಿಯೊ ಓಡದಿದ್ದರೆ

ಸ್ವಂತ ಸೈಟಿನಲ್ಲಿಟ್ಟ ಎಂಪಿ4 ಶುರುವಾಗಲು ತುಂಬಾ ಹೊತ್ತು ಹಿಡಿಯುತ್ತಿದ್ದರೆ ಫೈಲಿನ ಸೂಚಿ ಕೊನೆಯಲ್ಲಿ ಕೂತಿರಬಹುದು. ಮೂವ್ ಆಟಮ್ ಅನ್ನುವ ಆ ಭಾಗ ಸಿಗದೆ ಪ್ಲೇಯರ್‌ಗೆ ಯಾವ ಫ್ರೇಮ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ನ ಫಾಸ್ಟ್‌ಸ್ಟಾರ್ಟ್ ಆಯ್ಕೆ ಅದನ್ನು ಮೊದಲಿಗೆ ತಂದಿಡುತ್ತದೆ. ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ, ಗುಣಮಟ್ಟವೂ ಹೋಗುವುದಿಲ್ಲ.

ವಿಡಿಯೊ ಓಡುತ್ತದೆ, ಆದರೆ ಮುಂದಕ್ಕೆ ಎಳೆದರೆ ಮೊದಲಿಂದ ಶುರುವಾಗುತ್ತದೆ ಅಂದರೆ ಸರ್ವರ್ ಫೈಲಿನ ನಡುವಿನ ಭಾಗ ಮಾತ್ರ ಕೊಡಲು ಒಪ್ಪುತ್ತಿಲ್ಲ. ಬ್ರೌಸರಿನ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡಿ. ಎಳೆದಾಗ ಸರ್ವರ್‌ನ ಉತ್ತರವಾಗಿ 206 ಎಂಬ ಸಂಖ್ಯೆ ಬರಬೇಕು. 200 ಬರುತ್ತಿದ್ದರೆ ಸರ್ವರ್ ಸೆಟ್ಟಿಂಗ್ ತಿದ್ದಿ. ಅಲ್ಲೇ 403 ಕಂಡರೆ ಲಿಂಕಿನ ಅವಧಿ ಮುಗಿದಿರಬಹುದು, 404 ಕಂಡರೆ ತುಂಡು ಅಲ್ಲಿಲ್ಲ. ಸೌಂಡ್ ಮಾತ್ರ ಬಂದು ಚಿತ್ರ ಬರದಿದ್ದರೆ ಕೋಡೆಕ್ (ವಿಡಿಯೊ ಕುಗ್ಗಿಸಿ ಬಿಚ್ಚುವ ವಿಧಾನ) ತೊಂದರೆ. ಎಚ್‌ಇವಿಸಿ ಅಥವಾ 10 ಬಿಟ್ 4:2:2 ಫೈಲ್ ಎಲ್ಲ ಬ್ರೌಸರ್‌ನಲ್ಲೂ ಓಡುವುದಿಲ್ಲ. 8 ಬಿಟ್ 4:2:0 ಎಚ್.264ಗೆ ಬದಲಿಸಿ. ಸೌಂಡ್ ಇರುವ ವಿಡಿಯೊ ಪುಟ ತೆರೆದಾಗ ತಾನಾಗಿ ಶುರುವಾಗದಿದ್ದರೆ ಅದು ಬ್ರೌಸರಿನ ನಿಯಮ. ಕ್ರೋಮ್ 2018ರಿಂದ ಹೀಗೆ ಮಾಡುತ್ತಿದೆ. ಮ್ಯೂಟ್ ಮಾಡಿ ಆಟೊಪ್ಲೇ ಕೊಡಿ, ಅಥವಾ ಪ್ಲೇ ಬಟನ್ ಇಡಿ.

ಇಷ್ಟೆಲ್ಲ ನೋಡಿಯೂ ದೋಷ ಪ್ಲಾಟ್‌ಫಾರ್ಮ್ ಅಥವಾ ಸಿಡಿಎನ್ ಕಡೆಯೇ ಇದೆ ಅನ್ನಿಸಿದರೆ ಅವರಿಗೆ ಬರೆಯುವಾಗ ಇಷ್ಟು ಕೊಡಿ: ತೊಂದರೆ ಶುರುವಾದ ಸಮಯ ಯುಟಿಸಿಯಲ್ಲಿ, ಒಬಿಎಸ್ ಲಾಗ್, ಎರಡು ಪಿಂಗ್‌ಗಳ ಸ್ಕ್ರೀನ್‌ಶಾಟ್, ಪ್ಲೇಯರ್‌ನ ಸ್ಟ್ಯಾಟ್ಸ್, ಆ ನಿಮಿಷದ ಲೋಕಲ್ ರೆಕಾರ್ಡಿಂಗಿನ ಒಂದು ತುಣುಕು. ಲಾಗ್ ಅಥವಾ ಸ್ಕ್ರೀನ್‌ಶಾಟ್‌ನಲ್ಲಿ ಸ್ಟ್ರೀಮ್ ಕೀ ಕಾಣುತ್ತಿಲ್ಲ ಅಂತ ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಕಂಡಿದ್ದರೆ ಕೀ ರೀಸೆಟ್ ಮಾಡಿ.